ಕರುಳಿನ ನೆರೆಹೊರೆ: ದೀರ್ಘಕಾಲದ ಉರಿಯೂತದಲ್ಲಿ ಅಂಗಾಂಶದ ಪಾತ್ರ



ಮಲದಲ್ಲಿ ರಕ್ತ ಕಂಡರೆ ನಮ್ಮ ಬಾಯಿಗೆ ಮೊದಲು ಬರುವ ಮಾತು ಮೂಲವ್ಯಾಧಿ. ರಕ್ತದ ಜೊತೆ ಲೋಳೆಯೂ ಹೋದರೆ ಆಮಶಂಕೆ. ಹತ್ತರಲ್ಲಿ ಬಹುಪಾಲು ಸಲ ಈ ಊಹೆ ನಿಜವೂ ಆಗಿರುತ್ತದೆ. ಆದರೆ ಕೆಲವರಲ್ಲಿ ಆ ಭೇದಿ ತಿಂಗಳುಗಟ್ಟಲೆ ಬಿಡುವುದಿಲ್ಲ. ಔಷಧಿಗೆ ಒಂದಿಷ್ಟು ಬಗ್ಗಿದಂತೆ ಮಾಡಿ ಮತ್ತೆ ತಲೆ ಎತ್ತುತ್ತದೆ. ಮೈ ಇಳಿಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಕೀಲು ನೋಯುತ್ತದೆ. ಅಂಥವರ ಕರುಳಿನಲ್ಲಿ ನಡೆಯುತ್ತಿರುವುದು ಬೇರೆಯೇ ವ್ಯವಹಾರ. ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾಗಿದ್ದರೆ ಅದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತೇವೆ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಗೋಡೆಯ ಪೂರ್ತಿ ದಪ್ಪವನ್ನೂ ಹಿಡಿದು, ನಡುನಡುವೆ ಒಳ್ಳೆಯ ಭಾಗ ಬಿಟ್ಟು ಬರುವುದಾದರೆ ಅದು ಕ್ರೋನ್ಸ್ ಕಾಯಿಲೆ. ಎರಡೂ ಸೇರಿ ಕರುಳಿನ ಉರಿಯೂತದ ಕಾಯಿಲೆಗಳು.

ಇವುಗಳ ಬಗ್ಗೆ ಸಾಮಾನ್ಯವಾಗಿ ಹೇಳುವ ಒಂದು ವಾಕ್ಯವಿದೆ: ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೆ ತಾನೇ ತಿರುಗಿಬಿದ್ದಿದೆ. ವೈದ್ಯರಾದ ನಾವೂ ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಅದನ್ನೇ ಹೇಳಿ ಕಳಿಸುತ್ತೇವೆ. ಆ ವಾಕ್ಯ ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ರಕ್ಷಣಾ ಕೋಶಗಳು ತಾವಾಗಿ ಕೆಡುವುದು ಅಪರೂಪ. ಅವು ಬಂದು ನೆಲೆಸುವ ಅಂಗಾಂಶ, ಅಂದರೆ ಕರುಳಿನ ಒಳಪದರ, ಅದರಡಿಯ ನಾರುಕೋಶಗಳು, ರಕ್ತನಾಳಗಳು, ನರಗಳು, ಕೊಬ್ಬು, ಒಟ್ಟು ನೆರೆಹೊರೆಯೇ ಅವುಗಳ ನಡತೆಯನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಈ ಮಾತನ್ನು ಸಾಧಾರವಾಗಿ ನಿಮ್ಮ ಮುಂದಿಡುವುದು, ಅದರಿಂದ ಚಿಕಿತ್ಸೆಗೆ ಏನು ಬದಲಾಗುತ್ತದೆ ಎಂದು ಹೇಳುವುದು ಈ ಉಪನ್ಯಾಸದ ಉದ್ದೇಶ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಿಲ್ಲ. ಒಂದೇ ಮರದ, ಒಂದೇ ಗೊನೆಯ ಎರಡು ಬಲಿತ ತೆಂಗಿನಕಾಯಿಗಳನ್ನು ತೆಗೆದುಕೊಳ್ಳಿ. ಒಂದನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ವರ್ಷದಲ್ಲಿ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲುಗಿಸಿದರೆ ಲೊಡಲೊಡ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಇನ್ನೊಂದನ್ನು ತೇವದ ಮಣ್ಣಿನಲ್ಲಿ ಅರ್ಧ ಹೂತರೆ ಮೊಳಕೆಯೊಡೆದು ಸಸಿಯಾಗುತ್ತದೆ. ಅಟ್ಟದ ಮೇಲಿನದೇ ಆದರೂ, ಹೆಂಚು ಸೋರಿ ಮಳೆನೀರು ಬಿದ್ದರೆ ಕೊಬ್ಬರಿಯಾಗುವ ಹಾದಿಯಲ್ಲೇ ಮುಗ್ಗಲು ಹಿಡಿಯುತ್ತದೆ. ಆಗ ಯಾರೂ ಕಾಯಿಯ ಜಾತಿಯನ್ನು ಬೈಯುವುದಿಲ್ಲ, ಏಣಿ ತಂದು ಹೆಂಚು ನೋಡುತ್ತಾರೆ. ನಮ್ಮ ವೈದ್ಯಶಾಸ್ತ್ರ ಹೆಂಚು ನೋಡಲು ಶುರುಮಾಡಿದ್ದು ತೀರ ಇತ್ತೀಚೆಗೆ.

ಮೊದಲು ಆರೋಗ್ಯದ ಕರುಳನ್ನು ನೋಡೋಣ. ದೊಡ್ಡ ಕರುಳಿನಿಂದ, ಗುದದ ಮೂಲಕ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಕೊಲೊನೋಸ್ಕೋಪಿಯಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದೊಂದು ಚೂರು ತೆಗೆದು, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಒಂದು ಅಚ್ಚುಕಟ್ಟು. ನೇರವಾಗಿ ಇಳಿದಿರುವ ಕೊಳವೆಯಂಥ ಗ್ರಂಥಿಗಳು, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ. ಅವುಗಳ ಗೋಡೆಯಲ್ಲಿ ಲೋಳೆ ತುಂಬಿಕೊಂಡ ತಿಳಿಬಣ್ಣದ ಗಾಬ್ಲೆಟ್ ಕೋಶಗಳು ಸಾಲಾಗಿ ನಿಂತಿರುತ್ತವೆ. ಒಳಮೈಯನ್ನು ಹೊದಿಸಿರುವುದು ಒಂದೇ ಒಂದು ಸಾಲು ಕೋಶ. ಕೆಲವೇ ದಿನಗಳಿಗೊಮ್ಮೆ ಹಳೆಯವು ಉದುರಿ ಹೊಸವು ಬರುತ್ತವೆ. ಆ ಒಂದು ಸಾಲಿನ ಆಚೆಗೆ ಕೋಟ್ಯನುಕೋಟಿ ಬ್ಯಾಕ್ಟೀರಿಯಾ, ಈಚೆಗೆ ರಕ್ತ. ನಡುವೆ ಲೋಳೆಯ ಎರಡು ಪದರ. ಒಳಪದರ ಎಷ್ಟು ಒತ್ತಾಗಿರುತ್ತದೆಂದರೆ ಬ್ಯಾಕ್ಟೀರಿಯಾಗಳು ಅದರೊಳಕ್ಕೆ ಹೆಚ್ಚುಕಡಿಮೆ ನುಗ್ಗಲಾರವು. ಸ್ವೀಡನ್ನಿನ ಸಂಶೋಧಕರು 2008ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು.

ಈ ಹೊದಿಕೆಯ ಕೆಳಗೆ ರಕ್ಷಣಾ ಕೋಶಗಳು ನೆರೆದಿರುತ್ತವೆ. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳ ಬಹುಪಾಲು ನಮ್ಮ ಕರುಳಿನಲ್ಲೇ ಇದೆ. ಇಷ್ಟು ಕೋಶಗಳು ಇಷ್ಟು ಹತ್ತಿರದಲ್ಲಿದ್ದೂ ದಿನವೂ ಜಗಳವಾಗದೆ ಇರುವುದೇ ವಿಶೇಷ.

ಜಗಳ ಏಕೆ ಆಗುವುದಿಲ್ಲ ಎಂಬುದಕ್ಕೆ ಮ್ಯಾಕ್ರೋಫೇಜ್ ಎಂಬ ಕೋಶವೊಂದನ್ನೇ ಹಿಡಿದು ನೋಡಿದರೆ ಸಾಕು. ಬ್ಯಾಕ್ಟೀರಿಯಾವನ್ನು ನುಂಗಿ ಅರಗಿಸುವುದು ಇದರ ಕಸುಬು. ದೇಹದ ಬೇರೆ ಕೆಲವು ಅಂಗಗಳಲ್ಲಿ ಮ್ಯಾಕ್ರೋಫೇಜ್‌ಗಳು ಭ್ರೂಣಾವಸ್ಥೆಯಿಂದಲೇ ಬಂದು ನೆಲೆಸಿ ತಮ್ಮ ಸಂತತಿ ಮುಂದುವರಿಸುತ್ತವೆ. ಕರುಳಿನಲ್ಲಿ ಹಾಗಲ್ಲ; ನರ ಮತ್ತು ರಕ್ತನಾಳಗಳ ಸುತ್ತ ಇರುವ ಕೆಲವನ್ನು ಬಿಟ್ಟರೆ ಉಳಿದವುಗಳನ್ನು ರಕ್ತದಲ್ಲಿ ಹರಿಯುವ ಮಾನೊಸೈಟ್ ಎಂಬ ಕೋಶಗಳು ಸದಾ ಭರ್ತಿ ಮಾಡುತ್ತಿರಬೇಕು. ರಕ್ತದಿಂದ ಈಗಷ್ಟೇ ಇಳಿದ ಮಾನೊಸೈಟ್ ಮುಂಗೋಪಿ. ಬ್ಯಾಕ್ಟೀರಿಯಾದ ಸೋಂಕು ತಗುಲಿದರೆ ಸಾಕು, ಟಿಎನ್‌ಎಫ್, ಐಎಲ್-1 ಮೊದಲಾದ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತದೆ. ಆದರೆ ಆರೋಗ್ಯದ ಕರುಳಿನಲ್ಲಿ ಕೆಲವು ದಿನ ಕಳೆಯುವುದರೊಳಗೆ ಅದೇ ಕೋಶ ಬೇರೆಯೇ ಆಗುತ್ತದೆ. ನುಂಗುವ ಕಸುಬು ಬಿಡುವುದಿಲ್ಲ, ಗಲಾಟೆ ಮಾತ್ರ ಬಿಡುತ್ತದೆ. ಈ ಮಾರ್ಪಾಟಿಗೆ ಕಾರಣ ಸುತ್ತಲ ಅಂಗಾಂಶದಲ್ಲಿರುವ ಟಿಜಿಎಫ್-ಬೀಟಾ, ಐಎಲ್-10 ಎಂಬ ಸಂಕೇತಗಳು. ಗ್ಲಾಸ್ಗೋ ನಗರದ ಸಂಶೋಧಕರು ಇಲಿಯ ಕರುಳಿನಲ್ಲಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಗುರುತಿಸಿದ್ದಾರೆ. ಉರಿಯೂತವಿದ್ದ ಕರುಳಿನಲ್ಲಿ ಇಳಿದು ಬಂದ ಮಾನೊಸೈಟ್‌ಗಳು ಮೊದಲ ಮೆಟ್ಟಿಲುಗಳಲ್ಲೇ ನಿಂತುಬಿಟ್ಟಿದ್ದವು. ಹೊಸ ದುಷ್ಟ ಕೋಶವೇನೂ ಹುಟ್ಟಿರಲಿಲ್ಲ. ಬಂದವು ಪಳಗಲಿಲ್ಲ, ಅಷ್ಟೆ.

ಐಎಲ್-10ರ ಮಹತ್ವ ಎಷ್ಟೆಂಬುದು 1993ರಲ್ಲೇ ಗೊತ್ತಾಗಿತ್ತು. ಜರ್ಮನಿಯ ಕಲೋನ್ ನಗರದಲ್ಲಿ ಈ ಒಂದು ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಿಗೆ ತಾನಾಗಿ ಕರುಳಿನ ಉರಿಯೂತ ಬಂತು. ಮುಂದೆ ಅಂಥವೇ ಇಲಿಗಳನ್ನು ಬ್ಯಾಕ್ಟೀರಿಯಾವೇ ಇಲ್ಲದ ಆವರಣದಲ್ಲಿ ಸಾಕಿದಾಗ ಕಾಯಿಲೆ ಬರಲಿಲ್ಲ. 2009ರಲ್ಲಿ ಮನುಷ್ಯರಲ್ಲೂ ಇದರ ಜೋಡಿ ಸಿಕ್ಕಿತು: ಹುಟ್ಟಿದ ಕೆಲವೇ ತಿಂಗಳಲ್ಲಿ ತೀವ್ರ ಕರುಳಿನ ಉರಿಯೂತ ಬಂದ ಮಕ್ಕಳಲ್ಲಿ ಐಎಲ್-10 ಸಂಕೇತವನ್ನು ಗ್ರಹಿಸುವ ಗ್ರಾಹಕವೇ ದೋಷಪೂರ್ಣವಾಗಿತ್ತು. ಅಂಥ ಮಗುವಿಗೆ ಮೂಳೆಮಜ್ಜೆಯ ಕಸಿ ಮಾಡಿದಾಗ ಕಾಯಿಲೆ ಶಮನವಾಯಿತು. ನನ್ನ ವಾದಕ್ಕೆ ವಿರುದ್ಧವಾಗಿ ನಿಲ್ಲುವ ಪುರಾವೆಯಿದು, ಅದನ್ನು ಮುಚ್ಚಿಡಬಾರದು. ಆ ಮಕ್ಕಳಲ್ಲಿ ತಪ್ಪು ರಕ್ಷಣಾ ಕೋಶದ್ದೇ, ಅದಕ್ಕೇ ಹೊಸ ಮಜ್ಜೆ ಕೆಲಸ ಮಾಡಿತು. ಆದರೆ ಅದು ತೀರ ವಿರಳವಾದ ಕಾಯಿಲೆ. ಹದಿಹರೆಯದಲ್ಲೋ ಮೂವತ್ತರಲ್ಲೋ ಕಾಣಿಸಿಕೊಳ್ಳುವ ಸಾಮಾನ್ಯ ಕಾಯಿಲೆಯ ಹಾದಿ ಇಷ್ಟು ನೇರವಾಗಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ ಇನ್ನೊಬ್ಬರಿಗೆ ಬಾರದೆ ಹೋಗುವುದೇ ಹೆಚ್ಚು; ಅಲ್ಸರೇಟಿವ್ ಕೊಲೈಟಿಸ್‌ನಲ್ಲಂತೂ ಇದು ಇನ್ನೂ ಸ್ಪಷ್ಟ.

ರಕ್ಷಣಾ ಕೋಶಗಳಲ್ಲೇ ಇನ್ನೊಂದು ಬಗೆಯಾದ ಟಿ ಕೋಶಗಳ ನಡತೆಯನ್ನೂ ಸುತ್ತಲ ಸಂಕೇತಗಳೇ ತೀರ್ಮಾನಿಸುತ್ತವೆ. ಟಿಜಿಎಫ್-ಬೀಟಾ ಎಂಬ ಅದೇ ಸಂಕೇತದ ಜೊತೆಗೆ ವಿಟಮಿನ್ ಎ ಇಂದ ತಯಾರಾಗುವ ರೆಟಿನೋಯಿಕ್ ಆಮ್ಲ ಸಿಕ್ಕರೆ ಎಳೆಯ ಟಿ ಕೋಶ ಶಾಂತಿ ಕಾಯುವ ಟಿ-ರೆಗ್ ಕೋಶವಾಗುತ್ತದೆ. ಉರಿಯೂತದ ಐಎಲ್-6 ಸಿಕ್ಕರೆ ಐಎಲ್-17 ಸ್ರವಿಸುವ ಹೋರಾಟದ ಕೋಶವಾಗುತ್ತದೆ. ವಿಟಮಿನ್ ಎ ಇನ್ನೂ ಒಂದು ಕೆಲಸ ಮಾಡುತ್ತದೆ. ಕರುಳಿನ ಡೆಂಡ್ರಿಟಿಕ್ ಎಂಬ ರಕ್ಷಣಾ ಕೋಶಗಳು ಅದರ ನೆರವಿನಿಂದ ಟಿ ಕೋಶದ ಮೇಲೆ ಕರುಳಿನ ವಿಳಾಸ ಬರೆಯುತ್ತವೆ ಎಂದು ಜಪಾನಿನ ಇವಾಟಾ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಆ ವಿಳಾಸದ ಒಂದು ಭಾಗವಾದ ಆಲ್ಫಾ-4 ಬೀಟಾ-7 ಅಣುವನ್ನು ಕರುಳಿನ ರಕ್ತನಾಳದ ಗೋಡೆ ಗುರುತು ಹಿಡಿದು ಕೋಶವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. 2014ರಲ್ಲಿ ಬಳಕೆಗೆ ಬಂದ ವೆಡೊಲಿಜುಮಾಬ್ ಎಂಬ ಔಷಧಿ ಈ ಗುರುತನ್ನೇ ಮರೆಮಾಡುತ್ತದೆ. ಅದು ಕೋಶವನ್ನು ಕೊಲ್ಲುವುದಿಲ್ಲ, ಆ ನೆರೆಹೊರೆಗೆ ಹೋಗದಂತೆ ತಡೆಯುತ್ತದೆ.

ಐಎಲ್-17ರ ಕಥೆ ಮಾತ್ರ ಪ್ರತ್ಯೇಕವಾಗಿ ಹೇಳಬೇಕಾದದ್ದು. ಕ್ರೋನ್ಸ್ ರೋಗಿಗಳ ಕರುಳಿನಲ್ಲಿ ಅದು ಹೆಚ್ಚಾಗಿ ಕಂಡಿತ್ತು. ಹಾಗಾದರೆ ಅದನ್ನು ತಡೆದರೆ ಕಾಯಿಲೆ ಇಳಿಯಬೇಕಲ್ಲ? ಐಎಲ್-17 ಅನ್ನು ತಡೆದು ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೆ ಅಷ್ಟು ಚೆನ್ನಾಗಿ ಕೆಲಸ ಮಾಡುವ ಸೆಕುಕಿನುಮಾಬ್ ಔಷಧಿಯನ್ನು ಕ್ರೋನ್ಸ್ ರೋಗಿಗಳಿಗೆ ಕೊಟ್ಟು ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ತಬ್ಬಿಬ್ಬು ಮಾಡಿತು. ಗುಣವಾಗುವುದಿರಲಿ, ಔಷಧಿ ಪಡೆದವರ ಸ್ಥಿತಿ ಬರಿಯ ದ್ರಾವಣ ಪಡೆದವರಿಗಿಂತ ಕೆಟ್ಟಿತ್ತು. ಚರ್ಮದಲ್ಲಿ ಉರಿ ಹಚ್ಚುವ ಅದೇ ಅಣು ಕರುಳಿನಲ್ಲಿ ಹೊದಿಕೆಯ ಕೋಶಗಳ ಬಿಗಿಯನ್ನು ಕಾಪಾಡುತ್ತಿತ್ತು. ರಕ್ಷಣಾ ಕೋಶವನ್ನು ಅದರ ನೆಲೆಯಿಂದ ಬಿಡಿಸಿ ನೋಡಿದರೆ ಎಂಥ ತಪ್ಪಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ತಿಳಿದಿಲ್ಲ.

ಇನ್ನು ರೋಗದ ಕರುಳಿನ ಚೂರನ್ನು ನೋಡೋಣ. ಆ ಅಚ್ಚುಕಟ್ಟು ಹೋಗಿರುತ್ತದೆ. ಗ್ರಂಥಿಗಳು ಕವಲೊಡೆದು, ಸೊಟ್ಟಗಾಗಿ, ಮೊಟಕಾಗಿ ನಿಂತಿರುತ್ತವೆ. ಗಾಬ್ಲೆಟ್ ಕೋಶಗಳ ಲೋಳೆ ಬರಿದಾಗಿರುತ್ತದೆ. ಗ್ರಂಥಿಯ ನಡುವಿನ ಖಾಲಿ ಜಾಗದಲ್ಲಿ ನ್ಯೂಟ್ರೋಫಿಲ್ ಎಂಬ ರಕ್ಷಣಾ ಕೋಶಗಳು ಕೀವಿನಂತೆ ತುಂಬಿರುತ್ತವೆ. ನಾವು ದಶಕಗಳ ಕಾಲ ಈ ಕೀವಿನ ಕೋಶಗಳನ್ನೇ ಎಣಿಸುತ್ತ ಕೂತೆವು. ಅವುಗಳ ಹಿಂದೆ ಹಾಸಿಕೊಂಡಿದ್ದ, ಕದಿರಿನ ಆಕಾರದ, ನೋಡಲು ಏನೂ ವಿಶೇಷವಿಲ್ಲದ ಫೈಬ್ರೋಬ್ಲಾಸ್ಟ್ ಎಂಬ ನಾರುಕೋಶಗಳತ್ತ ಯಾರ ಗಮನವೂ ಅಷ್ಟಾಗಿ ಹೋಗಲಿಲ್ಲ. ಗೋಡೆ ಗಟ್ಟಿಯಾಗಿಡುವುದು ಅವುಗಳ ಕೆಲಸ ಎಂದುಕೊಂಡು ಸುಮ್ಮನಿದ್ದೆವು.

ಈ ಅಲಕ್ಷ್ಯ ಕೊನೆಗೊಂಡದ್ದು ಒಂದೊಂದೇ ಕೋಶದಲ್ಲಿ ಯಾವ ವಂಶವಾಹಿಗಳು ಕೆಲಸ ಮಾಡುತ್ತಿವೆ ಎಂದು ಓದುವ ತಂತ್ರ ಕೈಗೆ ಬಂದ ಮೇಲೆ. 2017ರಲ್ಲಿ ಆಕ್ಸ್‌ಫರ್ಡ್ ತಂಡವೊಂದು ಆಂಕೋಸ್ಟಾಟಿನ್-ಎಂ ಎಂಬ ಸಂಕೇತದ ಬೆನ್ನು ಹತ್ತಿತು. ಅದನ್ನು ಸ್ರವಿಸುವುದು ರಕ್ಷಣಾ ಕೋಶಗಳು, ಆದರೆ ಗ್ರಹಿಸುವ ಗ್ರಾಹಕ ಇದ್ದದ್ದು ಮುಖ್ಯವಾಗಿ ನಾರುಕೋಶಗಳ ಮೇಲೆ. ಸಂಕೇತ ತಲುಪಿದೊಡನೆ ನಾರುಕೋಶಗಳು ತಾವೇ ಉರಿಯೂತದ ಅಣುಗಳನ್ನು ಹೊರಡಿಸಿ ಇನ್ನಷ್ಟು ರಕ್ಷಣಾ ಕೋಶಗಳನ್ನು ಕರೆಸಿಕೊಳ್ಳುತ್ತಿದ್ದವು. ಯಾರ ಕರುಳಿನಲ್ಲಿ ಈ ಸಂಕೇತ ಹೆಚ್ಚಾಗಿತ್ತೋ ಅವರಿಗೆ ಟಿಎನ್‌ಎಫ್ ತಡೆಯುವ ಔಷಧಿ ಹಿಡಿಯುವುದು ಕಡಿಮೆ ಎಂಬುದೂ ಕಂಡುಬಂತು. 2019ರಲ್ಲಿ ಅಮೆರಿಕದ ಇನ್ನೊಂದು ತಂಡ ಅಲ್ಸರೇಟಿವ್ ಕೊಲೈಟಿಸ್ ಇರುವ 18 ಮಂದಿಯ ಮತ್ತು 12 ಆರೋಗ್ಯವಂತರ ದೊಡ್ಡ ಕರುಳಿನಿಂದ 3.6 ಲಕ್ಷಕ್ಕೂ ಹೆಚ್ಚು ಕೋಶಗಳನ್ನು ಓದಿತು. ಆರೋಗ್ಯದಲ್ಲಿ ಅಪರೂಪವಾದ ಉರಿಯೂತದ ನಾರುಕೋಶಗಳ ಒಂದು ಬಗೆ ರೋಗದ ಕರುಳಿನಲ್ಲಿ ಹೆಚ್ಚಿತ್ತು. ಔಷಧಿಗೆ ಬಗ್ಗದಿರುವ ಗುಣದ ಸುಳಿವು ಆ ಕೋಶಗಳಲ್ಲೂ ಅವುಗಳ ಜೊತೆಗಾರ ಮಾನೊಸೈಟ್‌ಗಳಲ್ಲೂ ಸಿಕ್ಕಿತು. ಅದೇ ವರ್ಷ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ತಂಡ ಕ್ರೋನ್ಸ್ ರೋಗಿಗಳ ಸಣ್ಣ ಕರುಳಿನ ಕೊನೆಯಲ್ಲಿ ಪ್ಲಾಸ್ಮಾ ಕೋಶ, ಮ್ಯಾಕ್ರೋಫೇಜ್, ಟಿ ಕೋಶ, ನಾರುಕೋಶಗಳು ಒಟ್ಟಾಗಿ ಏಳುವ ಒಂದು ಕೂಟವನ್ನು ಗುರುತಿಸಿತು. 1932ರಲ್ಲಿ ಬರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್, ಗಾರ್ಡನ್ ಒಪ್ಪೆನ್‌ಹೈಮರ್ ಈ ಕಾಯಿಲೆಯನ್ನು ವಿವರಿಸಿದ್ದೂ ಅದೇ ಆಸ್ಪತ್ರೆಯಿಂದ. ಗಿಂಜ್‌ಬರ್ಗ್, ಒಪ್ಪೆನ್‌ಹೈಮರ್ ಇಬ್ಬರ ಹೆಸರನ್ನೂ ಲೋಕ ಮರೆತದ್ದಕ್ಕೆ ಲೇಖಕರ ಪಟ್ಟಿಯ ಅಕ್ಷರಾನುಕ್ರಮವೇ ಕಾರಣವೆಂದು ಹೇಳುತ್ತಾರೆ.

ಕ್ರೋನ್ಸ್ ಕಾಯಿಲೆಯಲ್ಲಿ ಕರುಳನ್ನು ಸುತ್ತಿಕೊಳ್ಳುವ ಕೊಬ್ಬನ್ನು ಶಸ್ತ್ರವೈದ್ಯರು ಬಹಳ ಹಿಂದಿನಿಂದ ಬಲ್ಲರು. ಹೊಟ್ಟೆ ತೆರೆದಾಗ ಎಲ್ಲಿ ಕೊಬ್ಬು ಬೆರಳು ಚಾಚಿದಂತೆ ಕರುಳಿನ ಮೇಲೆ ಹಬ್ಬಿದೆಯೋ ಅಲ್ಲಿಯೇ ಒಳಗೆ ಹುಣ್ಣಿದೆ ಎಂದು ಗುರುತು ಹಿಡಿಯುತ್ತಿದ್ದರು. ಸೋರಿದ ಗೋಡೆಯ ಮೂಲಕ ಹೊರಬಂದ ಬ್ಯಾಕ್ಟೀರಿಯಾಗಳನ್ನು ತಡೆಯಲು ಈ ಕೊಬ್ಬು ಅಲ್ಲಿಗೆ ಬರುತ್ತದೆ, ಆದರೆ ಅದರಿಂದಲೇ ನಾರುಗಟ್ಟುವಿಕೆಯೂ ಹೆಚ್ಚುತ್ತದೆ ಎಂಬುದು 2020ರ ಒಂದು ಅಧ್ಯಯನದ ಸೂಚನೆ. ಉಪಕಾರಕ್ಕೆ ಬಂದದ್ದು ಅಪಕಾರಕ್ಕೆ ನಿಲ್ಲುವುದು ಉರಿಯೂತದಲ್ಲಿ ಹೊಸತೇನಲ್ಲ.

ಅಂಗಾಂಶಕ್ಕೆ ಆಚೆಯ ಬದಿಯಿಂದ, ಅಂದರೆ ಕರುಳಿನೊಳಗೆ ಹರಿದುಹೋಗುವ ಪದಾರ್ಥದಿಂದ ಬರುವ ಪ್ರಭಾವಕ್ಕೆ ಬೆಲ್ಜಿಯಂನ ಲ್ಯೂವೆನ್ ನಗರದ ಪ್ರಯೋಗ ಸಾಕ್ಷಿ. ರೋಗದ ಭಾಗ ಕತ್ತರಿಸಿ ಉಳಿದದ್ದನ್ನು ಜೋಡಿಸಿದರೆ ಕ್ರೋನ್ಸ್ ಕಾಯಿಲೆ ಸಾಮಾನ್ಯವಾಗಿ ಜೋಡಣೆಯ ಮೇಲ್ಭಾಗದಲ್ಲೇ ಮತ್ತೆ ಬರುತ್ತದೆ. ಅಲ್ಲಿನ ವೈದ್ಯರು ಬೆರಳೆಣಿಕೆಯ ರೋಗಿಗಳಲ್ಲಿ ಜೋಡಣೆಗಿಂತ ಮೇಲೆಯೇ ಕರುಳನ್ನು ಹೊಟ್ಟೆಯ ಹೊರಕ್ಕೆ ತೆರೆದು ಮಲ ಆ ಜಾಗ ಮುಟ್ಟದಂತೆ ಮಾಡಿದರು. ಹಾಗಿದ್ದಷ್ಟು ಕಾಲ ಹುಣ್ಣು ಮರುಕಳಿಸಲಿಲ್ಲ. ದಾರಿ ಮತ್ತೆ ಜೋಡಿಸಿದ ಮೇಲೆ ಮರುಕಳಿಸಿತು. ಇದು 1991ರ ವರದಿ.

ಹಾಗೆಂದ ಮೇಲೆ ಊಟದ ಮಾತು ಬಂದೇ ಬರುತ್ತದೆ. ನಾವು ತಿನ್ನುವ ನಾರಿನ ಅಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಕೊಳೆಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಹೊದಿಕೆಯ ಕೋಶಗಳಿಗೆ ಅದೇ ಮುಖ್ಯ ಇಂಧನ. ಟಿ-ರೆಗ್ ಕೋಶಗಳು ಹೆಚ್ಚಲೂ ಅದು ನೆರವಾಗುತ್ತದೆಂದು 2013ರಲ್ಲಿ ಹಲವು ತಂಡಗಳು ಇಲಿಗಳಲ್ಲಿ ತೋರಿಸಿದವು. ನಾರು ಸಿಗದಿದ್ದರೆ ಬ್ಯಾಕ್ಟೀರಿಯಾಗಳು ಕರುಳಿನ ಲೋಳೆಯನ್ನೇ ತಿನ್ನತೊಡಗುತ್ತವೆ ಎಂಬುದೂ ಇಲಿಗಳಲ್ಲಿ ಕಂಡಿದೆ. ರಾಗಿ, ಹುರುಳಿ, ಅವರೆ, ಸೊಪ್ಪು ತಿನ್ನುವ ನಮ್ಮ ಊಟ ಈ ಲೆಕ್ಕದಲ್ಲಿ ಒಳ್ಳೆಯದೇ. ಆದರೆ ಮುದ್ದೆ ತಿಂದವರಿಗೆ ಕಾಯಿಲೆ ಬರುವುದಿಲ್ಲವೆಂದು ನಾನು ಹೇಳಲಾರೆ. ತೆಲಂಗಾಣದಲ್ಲಿ ಆಸ್ಪತ್ರೆಗೆ ಬಂದವರನ್ನು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿದಾಗ ಪೇಟೆಯವರಿಗೂ ಹಳ್ಳಿಯವರಿಗೂ ಈ ಕಾಯಿಲೆಯ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪಂಜಾಬಿನ ಲೂಧಿಯಾನ ಸುತ್ತಿನ ಜನರಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆ ಲಕ್ಷಕ್ಕೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆಯೆಂದಿತು. ಇಂಗ್ಲೆಂಡಿನ ಲೆಸ್ಟರ್‌ಗೆ ವಲಸೆ ಹೋದ ಭಾರತೀಯ ಕುಟುಂಬಗಳಲ್ಲಿ ಅದು ಅಲ್ಲಿಯ ಮೂಲ ನಿವಾಸಿಗಳಿಗಿಂತಲೂ ಹೆಚ್ಚಾಗಿ ಕಂಡಿತ್ತು. ಇದು ಬಿಳಿಯರ ಕಾಯಿಲೆ ಎಂದು ಕೈತೊಳೆದುಕೊಳ್ಳುವ ಕಾಲ ಮುಗಿದಿದೆ. ತೆಂಗಿನಕಾಯಿಯ ಬಗ್ಗೆಯೂ ಒಂದು ಮಾತು: ಅದರಿಂದ ಈ ಕಾಯಿಲೆ ಬರುತ್ತದೆ ಅಥವಾ ವಾಸಿಯಾಗುತ್ತದೆ ಎನ್ನಲು ಪುರಾವೆಯಿಲ್ಲ. ಕರುಳು ಕಿರಿದಾಗಿರುವ ರೋಗಿ ಮಾತ್ರ ಗಟ್ಟಿ ಕೊಬ್ಬರಿಯೇ ಮೊದಲಾದ ನಾರಿನ ಪದಾರ್ಥವನ್ನು ವೈದ್ಯರನ್ನು ಕೇಳಿ ತಿನ್ನಬೇಕು.

ಭಾರತದಲ್ಲಿ ಈ ಚರ್ಚೆಗೆ ಇನ್ನೊಂದು ತೊಡಕಿದೆ, ಅದು ಕ್ಷಯ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಸಣ್ಣ ಕರುಳಿನ ಕೊನೆಯ ಭಾಗವನ್ನೇ ಹಿಡಿಯುತ್ತವೆ. ಎರಡರಲ್ಲೂ ಹುಣ್ಣು, ಕಿರಿದಾಗುವಿಕೆ, ರಕ್ಷಣಾ ಕೋಶಗಳು ಗುಂಪುಗಟ್ಟಿದ ಗ್ರ್ಯಾನುಲೋಮಾ ಕಾಣುತ್ತವೆ. ಕ್ರೋನ್‌ಗಿಂತ ಮೊದಲೇ, 1913ರಲ್ಲಿ, ಗ್ಲಾಸ್ಗೋದ ಶಸ್ತ್ರವೈದ್ಯ ಡಾಲ್ಜಿಯಲ್ ಇಂಥ ರೋಗಿಗಳನ್ನು ವಿವರಿಸುತ್ತ, ಇದು ಕ್ಷಯದಂತಿದ್ದರೂ ಕ್ಷಯವಲ್ಲ, ದನಗಳಿಗೆ ಬರುವ ಜೋನ್ಸ್ ಕಾಯಿಲೆಯನ್ನು ಹೋಲುತ್ತದೆ ಎಂದಿದ್ದರು. ಇಲ್ಲಿ ಅಂಗಾಂಶದ ಪಾತ್ರ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಹಳೆಯ ಕ್ಷಯದ ಬ್ಯಾಕ್ಟೀರಿಯಾವನ್ನು ಗ್ರ್ಯಾನುಲೋಮಾದೊಳಗೆ ಕೂಡಿಹಾಕಿಡುವುದು ಟಿಎನ್‌ಎಫ್ ಸಂಕೇತವೇ. 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಪಡೆದ ಇನ್‌ಫ್ಲಿಕ್ಸಿಮಾಬ್ ಆ ಸಂಕೇತವನ್ನು ತಡೆಯುತ್ತದೆ. ಕರುಳು ತಣ್ಣಗಾಗುತ್ತದೆ, ಆದರೆ ಎಲ್ಲೋ ಶ್ವಾಸಕೋಶದಲ್ಲಿ ಕೂಡಿಹಾಕಿದ್ದ ಕ್ಷಯ ಬಿಡುಗಡೆಯಾಗಬಹುದು. 2001ರಲ್ಲೇ ಇಂಥ 70 ಪ್ರಕರಣಗಳ ವರದಿ ಬಂತು. ಆದ್ದರಿಂದ ನಮ್ಮ ದೇಶದಲ್ಲಿ ಆ ಚುಚ್ಚುಮದ್ದಿಗೆ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ. ಕ್ಷಯವೋ ಕ್ರೋನ್ಸೋ ತೀರ್ಮಾನವಾಗದಿದ್ದಾಗ ಕ್ಷಯದ ಔಷಧಿ ಕೊಟ್ಟು, ಎರಡು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ನೋಡುವುದು ಇಲ್ಲಿಯ ರೂಢಿ. ರೋಗಿಯ ಮಾತಿಗಿಂತ ಅಂಗಾಂಶದ ಸ್ಥಿತಿಯನ್ನು ನಂಬುವ ಈ ಪದ್ಧತಿಯನ್ನು ರೂಪಿಸಿದ್ದರಲ್ಲಿ ಭಾರತೀಯ ವೈದ್ಯರ ಪಾಲು ದೊಡ್ಡದು.

ಚಿಕಿತ್ಸೆಗೆ ಬರುತ್ತೇನೆ. ಈ ಕಾಯಿಲೆಗೆ ಸಿಕ್ಕ ಮೊದಲ ನಿಜವಾದ ಔಷಧಿ ಸಲ್ಫಸಲಜೀನ್. ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ ಅದನ್ನು ರೂಪಿಸಿದ್ದು ಕೀಲುವಾತಕ್ಕೆಂದು. ಆಕ್ಸ್‌ಫರ್ಡ್‌ನಲ್ಲಿದ್ದ ಬಾಂಗ್ಲಾದೇಶದ ವೈದ್ಯ ಆಜಾದ್ ಖಾನ್ ಮತ್ತು ಸಂಗಡಿಗರು 1977ರಲ್ಲಿ ಅದರೊಳಗಿನ ಕೆಲಸಗಾರ 5-ಅಮೈನೋ ಸ್ಯಾಲಿಸಿಲಿಕ್ ಆಮ್ಲವೆಂದು ತೋರಿಸಿದರು. ಇಂದು ಮೆಸಲಮೀನ್ ಎಂದು ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವುದು ಅದೇ. ಅದು ಮುಖ್ಯವಾಗಿ ಕೆಲಸ ಮಾಡುವುದು ಕರುಳಿನ ಹೊದಿಕೆಯ ಮೇಲೆ. ಯಾರೂ ನೆರೆಹೊರೆಯ ಸಿದ್ಧಾಂತ ಮಾಡುವ ಮೊದಲೇ ನೆರೆಹೊರೆಗೆ ಮದ್ದು ಸಿಕ್ಕಿತ್ತು. ಸ್ಟೀರಾಯ್ಡ್ ಬೇರೆ ಜಾತಿ. ಅದು ಕೋಶಗಳ ಗಲಾಟೆಯನ್ನು ಬೇಗ ಅಡಗಿಸುತ್ತದೆ, ಪ್ರಾಣ ಉಳಿಸುತ್ತದೆ, ಆದರೆ ಒಳಗಿನ ಅಂಗಾಂಶವನ್ನು ಸರಿಪಡಿಸುವುದರಲ್ಲಿ ದುರ್ಬಲ. ಕಡಿಮೆ ಬೆಲೆಗೆ ಸಿಗುತ್ತದೆಂದು ಅದನ್ನೇ ವರ್ಷಗಟ್ಟಲೆ ನುಂಗಿ ಮೂಳೆ ಸವೆಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಇದೇ ಕಾರಣಕ್ಕೆ ಚಿಕಿತ್ಸೆಯ ಗುರಿಯೂ ಬದಲಾಗಿದೆ. 2015ರಲ್ಲಿ ಹೊರಬಂದು 2021ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಸಲಹೆಗಳು, ಭೇದಿ ನಿಂತರೆ ಸಾಲದು, ಒಳಪದರದ ಹುಣ್ಣು ಮಾಗಿರಬೇಕು ಎನ್ನುತ್ತವೆ. ಹುಣ್ಣು ಮಾಗಿದವರಿಗೆ ಶಸ್ತ್ರಚಿಕಿತ್ಸೆ, ಮರುಕಳಿಕೆ ಕಡಿಮೆ. ಪ್ರತಿ ಸಲ ಕೊಲೊನೋಸ್ಕೋಪಿ ಬೇಕಿಲ್ಲ. ನ್ಯೂಟ್ರೋಫಿಲ್‌ಗಳಿಂದ ಬರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಮಲದಲ್ಲಿ ಅಳೆದರೆ ಒಳಗಿನ ಉರಿ ಎಷ್ಟಿದೆಯೆಂದು ಅಂದಾಜಾಗುತ್ತದೆ. ನಾರುಕೋಶಗಳನ್ನೇ ಗುರಿಯಾಗಿಸಿಕೊಂಡ ಔಷಧಿ ಇನ್ನೂ ನಮ್ಮ ಕೈ ಸೇರಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಮಲದಲ್ಲಿ ರಕ್ತ ಕೆಲವು ವಾರ ಮೀರಿ ಹೋಗುತ್ತಿದ್ದರೆ, ಅದರ ಜೊತೆ ತೂಕ ಇಳಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಗುತ್ತಿದ್ದರೆ, ಮೂಲವ್ಯಾಧಿಯ ಮುಲಾಮಿನಲ್ಲಿ ಕಾಲ ಕಳೆಯಬೇಡಿ. ತುಮಕೂರಿಗೋ ಬೆಂಗಳೂರಿಗೋ ಹೋಗಿ ಕರುಳಿನ ತಜ್ಞರಿಂದ ಕೊಲೊನೋಸ್ಕೋಪಿ ಮಾಡಿಸಿ, ಚೂರು ಪರೀಕ್ಷೆಗೆ ಕಳಿಸಿ. ಕಾಯಿಲೆ ಖಚಿತವಾಗಿ ಮಾತ್ರೆ ಶುರುವಾದವರು ರಕ್ತ ನಿಂತ ತಿಂಗಳಿಗೇ ಅದನ್ನು ತಾವಾಗಿ ಬಿಡಬೇಡಿ. ಬಿಡಬಹುದೇ ಎಂಬುದನ್ನು ವೈದ್ಯರು ಒಳಗಿನ ಹುಣ್ಣು ನೋಡಿ ಹೇಳಲಿ.